ಚಿತ್ರದಲ್ಲಿಲ್ಲದ ಹೆಗಲುಗಳು

ಅಕ್ಕನ ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಮುಂದಿನ ವರ್ಷ ಇಂಗ್ಲೆಂಡಿಗೆ ಓದಲು ಬರುವುದಾಗಿ ಕಳೆದ ತಿಂಗಳು ದೂರವಾಣಿಯಲ್ಲಿ ತಿಳಿಸಿದ. ಯಾವ ವಿಶ್ವವಿದ್ಯಾಲಯ, ಶುಲ್ಕವೆಷ್ಟು, ಸಾಲ ಎಲ್ಲಿಂದ ಎಂದು ನಾನು ವಿಚಾರಿಸುವ ಮೊದಲೇ, ಈ ನಿರ್ಧಾರಕ್ಕೆ ಮೂಲ ಕಾರಣ ಮಾಮನಾದ ನಾನೇ ಎಂದೂ ಹೇಳಿದ. ಹದಿನೇಳು ವರ್ಷಗಳಿಂದ ನಾನು ಊರಿಗೆ ಕಳುಹಿಸುತ್ತ ಬಂದ ಛಾಯಾಚಿತ್ರಗಳನ್ನು ನೋಡುತ್ತಲೇ ಅವನು ದೊಡ್ಡವನಾದನಂತೆ. ಅವುಗಳಲ್ಲೊಂದು, ವಿಂಡರ್‌ಮಿಯರ್ ಸರೋವರದ ಚಿತ್ರ, ಕಟ್ಟು ಹಾಕಿಸಿಕೊಂಡು ಇಂದಿಗೂ ನಮ್ಮ ಮನೆಯ ನಡುಮನೆಯಲ್ಲಿ ಮಂಜುನಾಥಸ್ವಾಮಿಯ ಪಟದ ಪಕ್ಕದಲ್ಲಿ ನೇತಾಡುತ್ತಿದೆ. ನಿಶ್ಚಲವಾದ ನೀರು, ಅದರಾಚೆ ನೀಲಿ ಗುಡ್ಡ, ಒಂದು ದೋಣಿ. ಮನುಷ್ಯರು ಒಬ್ಬರೂ ಇಲ್ಲ. ಆ ಚಿತ್ರಕ್ಕಾಗಿ ನಾನು ಸುಮಾರು ಇಪ್ಪತ್ತು ನಿಮಿಷ ಕಾದಿದ್ದೆ. ದಂಡೆಯಲ್ಲಿ ಸಾಲು ಹಿಡಿದು ನಡೆಯುತ್ತಿದ್ದ ಪ್ರವಾಸಿಗರೆಲ್ಲ ಸರಿದುಹೋಗಲಿ ಎಂದು.

ಆ ಮಾತು ನನ್ನನ್ನು ಕಾಡಿತು. ಕಾಡಲು ಇನ್ನೊಂದು ಕಾರಣವೂ ಇತ್ತು. ಅದೇ ದಿನಗಳಲ್ಲಿ ಇಲ್ಲಿನ ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಗೆಂದು, ನಾನು ವಾಸಿಸುವ ನಾಟಿಂಗ್‌ಹ್ಯಾಮ್ ನಗರಕ್ಕೂ ಭಾರತಕ್ಕೂ ಇರುವ ನಂಟನ್ನು ಹುಡುಕುತ್ತ ಒಬ್ಬ ವ್ಯಕ್ತಿಯ ಜೀವನವನ್ನು ಓದತೊಡಗಿದ್ದೆ. ಈ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದು, ಕೆಲಸ ಬಿಟ್ಟು ಭಾರತಕ್ಕೆ ಹೋಗಿ, ಹಿಮಾಲಯದ ಛಾಯಾಚಿತ್ರಗಳಿಂದ ಹೆಸರು ಮಾಡಿ, ಮತ್ತೆ ಇದೇ ಊರಿಗೆ ಮರಳಿ ಕಣ್ಣು ಮುಚ್ಚಿದ ಆತನ ಹೆಸರು ಸ್ಯಾಮ್ಯುಯೆಲ್ ಬೋರ್ನ್.

ಬೋರ್ನ್ ಹುಟ್ಟಿದ್ದು 1834ರಲ್ಲಿ, ಸ್ಟ್ಯಾಫರ್ಡ್‌ಶೈರ್ ಮತ್ತು ಶ್ರಾಪ್‌ಶೈರ್‌ಗಳ ಗಡಿಯಲ್ಲಿರುವ ಮಕಲ್‌ಸ್ಟನ್ ಎಂಬ ಗ್ರಾಮದ ಕೃಷಿಕ ಕುಟುಂಬದಲ್ಲಿ. ಯೌವನದಲ್ಲಿ ನಾಟಿಂಗ್‌ಹ್ಯಾಮ್‌ಗೆ ಬಂದು ಬ್ಯಾಂಕಿಗೆ ಸೇರಿದ. ಛಾಯಾಗ್ರಹಣವೆಂಬುದು ಆಗ ಹೊಸ ವಿದ್ಯೆ. ಬಿಡುವಿನ ವೇಳೆಯಲ್ಲಿ ಅದನ್ನು ಕಲಿತ. ಕ್ಯಾಮೆರಾ ಹೊತ್ತುಕೊಂಡು ಲೇಕ್ ಡಿಸ್ಟ್ರಿಕ್ಟ್‌ನ ಸರೋವರಗಳ ದಂಡೆಯಲ್ಲಿ ಅಲೆದ. ನಾನು ನಿಂತಿದ್ದ ಪ್ರಾಂತ್ಯದಲ್ಲಿಯೇ ಆತನ ಕಣ್ಣೂ ಪಳಗಿತು ಎಂಬುದನ್ನು ಓದಿದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಸಿಟ್ಟೆ.

ಸುಂದರ ದೃಶ್ಯವೆಂದರೆ ಹೇಗಿರಬೇಕೆಂಬುದಕ್ಕೆ ಇಂಗ್ಲೆಂಡಿನಲ್ಲಿ ಆ ಹೊತ್ತಿಗಾಗಲೇ ನೂರು ವರ್ಷಗಳ ಶಾಸ್ತ್ರವೊಂದು ಬೆಳೆದಿತ್ತು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ಹದಿನೆಂಟನೆಯ ಶತಮಾನದಲ್ಲಿಯೇ ಅದರ ನಿಯಮಗಳನ್ನು ಬರೆದಿಟ್ಟಿದ್ದ. ಮುಂಭಾಗದಲ್ಲಿ ಒರಟು ಬಂಡೆಯೋ ಬಾಗಿದ ಮರವೋ, ನಡುವೆ ನೀರು, ಹಿಂದೆ ಮಸುಕಾದ ಬೆಟ್ಟ. ಅಲ್ಲೊಂದು ಪಾಳುಬಿದ್ದ ಮಠವಿದ್ದರೆ ಇನ್ನೂ ಒಳ್ಳೆಯದು. ಮನುಷ್ಯ ಬೇಕಿದ್ದರೆ ಬೆಟ್ಟದ ಎತ್ತರ ತಿಳಿಯುವಷ್ಟು ಸಾಕು. ಹೊಲದಲ್ಲಿ ಬೆವರು ಸುರಿಸುವವನು ಈ ಶಾಸ್ತ್ರದ ಚೌಕಟ್ಟಿನೊಳಗೆ ಬರುತ್ತಿರಲಿಲ್ಲ. ಬೋರ್ನ್ ಭಾರತಕ್ಕೆ ಹೊರಟಾಗ ಗಾಜಿನ ಫಲಕಗಳು ಮತ್ತು ರಾಸಾಯನಿಕಗಳ ಜೊತೆಗೆ ಈ ಶಾಸ್ತ್ರವನ್ನೂ ಕೊಂಡೊಯ್ದ.

1863ರ ಆರಂಭದಲ್ಲಿ ಆತ ಕಲ್ಕತ್ತಾದಲ್ಲಿ ಬಂದಿಳಿದ. ಬೇಗನೆ ಶಿಮ್ಲಾಕ್ಕೆ ತೆರಳಿ, ಮೊದಲು ವಿಲಿಯಂ ಹೋವರ್ಡ್ ಎಂಬಾತನ ಜೊತೆಗೂ ಆಮೇಲೆ ಚಾರ್ಲ್ಸ್ ಶೆಪರ್ಡ್ ಜೊತೆಗೂ ಪಾಲುದಾರನಾದ. ಬೋರ್ನ್ ಅಂಡ್ ಶೆಪರ್ಡ್ ಎಂಬ ಆ ಸಂಸ್ಥೆ ಭಾರತದ ಅತಿ ಪ್ರಸಿದ್ಧ ಛಾಯಾಚಿತ್ರ ಮಳಿಗೆಯಾಗಿ ಬೆಳೆಯಿತು. ಕೋಲ್ಕತ್ತಾದಲ್ಲಿ ಅದು ಬಾಗಿಲು ಮುಚ್ಚಿದ್ದು ತೀರ ಈಚೆಗೆ, 2016ರಲ್ಲಿ.

ಕನ್ನಡನಾಡು ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು ಇದಕ್ಕೂ ಮೊದಲೇ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಗಳೂರಿನ ದಂಡಿನಲ್ಲಿದ್ದ ಕಂಪನಿ ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ್ದ. ಆತನಿಗೆ ಬೇಕಾಗಿದ್ದದ್ದು ದಾಖಲೆ. ಕಲ್ಲಿನ ಅಳತೆ, ಕೆತ್ತನೆಯ ವಿವರ. ಬೋರ್ನ್‌ನ ಬಗೆ ಬೇರೆ. ಆತ ವ್ಯಾಪಾರಿ. ತನ್ನ ಚಿತ್ರವನ್ನು ಯಾರು ಕೊಳ್ಳುವರು, ಕೊಂಡು ಎಲ್ಲಿಗೆ ಕಳುಹಿಸುವರು ಎಂಬುದರ ಮೇಲೆ ಆತನ ಬದುಕು ನಿಂತಿತ್ತು.

ಕೊಳ್ಳುತ್ತಿದ್ದವರು ಬಹುಪಾಲು ಭಾರತದಲ್ಲಿದ್ದ ಆಂಗ್ಲರು: ಕಲೆಕ್ಟರರು, ದಂಡಿನ ಅಧಿಕಾರಿಗಳು, ಅವರ ಮಡದಿಯರು. ಮಳಿಗೆಯ ಪಟ್ಟಿಯಿಂದ ಸಂಖ್ಯೆ ಆರಿಸಿ ಪ್ರತಿಗಳನ್ನು ತರಿಸಿಕೊಳ್ಳುವರು, ಆಲ್ಬಮ್ಮಿಗೆ ಅಂಟಿಸುವರು, ಸಮುದ್ರದಾಚೆ ತಾಯಿಗೆ, ತಂಗಿಗೆ ಕಳುಹಿಸುವರು. ಪರದೇಶದಲ್ಲಿರುವ ಮಗ ಊರಿನ ಮನೆಗೆ ಚಿತ್ರ ಕಳುಹಿಸುವ ಪರಿಪಾಠ ನಮ್ಮಿಂದ ಆರಂಭವಾದದ್ದಲ್ಲ. ಅಂದಿನ ಆ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯ ಲೋಳೆ ಬಳಿದು ಅದರ ಮೇಲೆ ಚಿತ್ರ ಮೂಡಿಸುತ್ತಿದ್ದರು. ನಾನು ಕಳುಹಿಸಿದ ಚಿತ್ರ ಅಂತಹ ಕಾಗದದ್ದಾಗಿದ್ದರೆ ನಮ್ಮಮ್ಮ ಅದನ್ನು ದೇವರ ಪಟದ ಪಕ್ಕಕ್ಕಿರಲಿ, ಹೊಸ್ತಿಲ ಒಳಗೂ ಬಿಡುತ್ತಿರಲಿಲ್ಲ.

1857ರ ದಂಗೆಯ ನೆನಪು ಆಗ ಇನ್ನೂ ಹಸಿಯಾಗಿತ್ತು. ಮಗನನ್ನು ಹಿಂದೂಸ್ಥಾನಕ್ಕೆ ಕಳುಹಿಸಿದ ತಾಯಂದಿರ ಕಣ್ಣೆದುರು ಇದ್ದದ್ದು ಕಾನ್ಪುರ ಮತ್ತು ಲಕ್ನೋಗಳ ಸುದ್ದಿ. ದಂಗೆ ಅಡಗಿದ ಮೇಲೆ, 1858ರಲ್ಲಿ, ಫೆಲೀಸ್ ಬಿಯಾಟೊ ಎಂಬ ಛಾಯಾಗ್ರಾಹಕ ಲಕ್ನೋದ ಸಿಕಂದರಬಾಗ್‌ನ ಅಂಗಳದಲ್ಲಿ ಸತ್ತ ಭಾರತೀಯ ಸಿಪಾಯಿಗಳ ಎಲುಬುಗಳು ಚೆಲ್ಲಿಬಿದ್ದಿರುವ ಚಿತ್ರ ತೆಗೆದಿದ್ದ. ಕೆಲವೇ ವರ್ಷಗಳ ಅನಂತರ ಬೋರ್ನ್ ಅದೇ ಲಕ್ನೋಗೆ ಬಂದು ರೆಸಿಡೆನ್ಸಿಯ ಪಾಳು ಗೋಡೆಗಳನ್ನು ಚಿತ್ರಿಸಿದ. ಅವನ್ನು ನೋಡಿದರೆ ಇಂಗ್ಲೆಂಡಿನ ಹಳ್ಳಿಯೊಂದರ ಬಳ್ಳಿ ಹಬ್ಬಿದ ಹಳೆಯ ಮಠವನ್ನು ನೋಡಿದಂತಾಗುತ್ತದೆ. ಕಾನ್ಪುರದಲ್ಲಿ, ಹತ್ಯೆಯಾದ ಆಂಗ್ಲ ಸ್ತ್ರೀಯರು ಮತ್ತು ಮಕ್ಕಳ ದೇಹಗಳನ್ನು ಎಸೆದಿದ್ದ ಬಾವಿಯ ಮೇಲೆ ನಿಲ್ಲಿಸಿದ ಅಮೃತಶಿಲೆಯ ದೇವದೂತೆಯನ್ನೂ ಚಿತ್ರಿಸಿದ. ಆ ಶೋಕ ಸುಳ್ಳಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಆ ಊರಿನಲ್ಲಿಯೇ ನಡೆದ ನೇಣು ಶಿಕ್ಷೆಗಳಿಗೆ ಯಾವ ದೇವದೂತೆಯೂ ನಿಲ್ಲಲಿಲ್ಲ. ಆ ಬಾವಿಯಿದ್ದ ತೋಟದೊಳಕ್ಕೆ ಭಾರತೀಯರಿಗೆ ಪರವಾನಗಿಯಿಲ್ಲದೆ ಪ್ರವೇಶವೂ ಇರಲಿಲ್ಲ.

ಆತನ ನಿಜವಾದ ಕೀರ್ತಿ ಇರುವುದು ಹಿಮಾಲಯದಲ್ಲಿ. ಮೂರು ಯಾತ್ರೆಗಳು. ಮೊದಲನೆಯದು 1863ರ ಜುಲೈ ಕೊನೆಯಲ್ಲಿ ಶಿಮ್ಲಾದಿಂದ ಸತ್ಲಜ್ ಕಣಿವೆಯ ಕಡೆಗೆ. ಜೊತೆಗೆ ಸುಮಾರು ಮೂವತ್ತು ಹೊರೆಯಾಳುಗಳು. ಎರಡನೆಯದು 1864ರಲ್ಲಿ ಲಾಹೋರಿನಿಂದ ಕಾಂಗ್ರಾ, ಚಂಬಾಗಳ ಮೂಲಕ ಕಾಶ್ಮೀರಕ್ಕೆ. ಒಂಬತ್ತು ತಿಂಗಳ ಪ್ರಯಾಣ, ನಲವತ್ತೆರಡು ಹೊರೆಯಾಳುಗಳು. ಮೂರನೆಯದು 1866ರಲ್ಲಿ ಕುಲು, ಲಾಹೌಲ್, ಸ್ಪಿತಿಗಳನ್ನು ದಾಟಿ ಗಂಗೋತ್ರಿಯವರೆಗೆ.

ಇಷ್ಟು ಜನ ಏಕೆ ಬೇಕಾಗಿದ್ದರು ಎಂಬುದು ಇಂದು ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡಿರುವ ನಮಗೆ ಸುಲಭವಾಗಿ ತಿಳಿಯದು. ಅಂದಿನ ಚಿತ್ರ ಮೂಡುತ್ತಿದ್ದದ್ದು ಗಾಜಿನ ಮೇಲೆ. ಬೋರ್ನ್ ಬಳಸುತ್ತಿದ್ದ ದೊಡ್ಡ ಫಲಕಗಳು ಹನ್ನೆರಡು ಅಂಗುಲ ಉದ್ದ, ಹತ್ತು ಅಂಗುಲ ಅಗಲ. ಚಿತ್ರವನ್ನು ಆಮೇಲೆ ಹಿಗ್ಗಿಸುವ ಅನುಕೂಲ ಇರಲಿಲ್ಲವಾದ್ದರಿಂದ ಚಿತ್ರವೆಷ್ಟು ದೊಡ್ಡದೋ ಗಾಜೂ ಅಷ್ಟೇ ದೊಡ್ಡದು, ಗಾಜಿಗೆ ತಕ್ಕ ಕ್ಯಾಮೆರಾ. ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಒಣಗುವುದರೊಳಗೇ ತೊಳೆದು ಮುಗಿಸಬೇಕು. ಅಂದರೆ ಕತ್ತಲ ಕೋಣೆಯೂ ಬೆಟ್ಟ ಹತ್ತಬೇಕು. ಹತ್ತಡಿ ಎತ್ತರದ ಡೇರೆ, ನೂರಾರು ಗಾಜಿನ ಫಲಕಗಳ ಪೆಟ್ಟಿಗೆಗಳು, ಆಮ್ಲಗಳ ಶೀಷೆಗಳು, ನೀರು, ಮಲಗುವ ಮಂಚ, ಊಟದ ಸಾಮಗ್ರಿ, ಮದ್ಯ. ಎಲ್ಲವೂ ಯಾರದೋ ಬೆನ್ನಿನ ಮೇಲೆ. ಕೊಲೋಡಿಯನ್ನಿನ ಮೂಲವಸ್ತುವಾದ ನೈಟ್ರೋ ಹತ್ತಿ ಬಂದೂಕಿನ ಮದ್ದಿಗೂ ಒದಗುವ ಸ್ಫೋಟಕ ಎಂಬುದು ರಸಾಯನಶಾಸ್ತ್ರದ ಒಂದು ಆಕಸ್ಮಿಕ. ಆದರೆ ಅದು ಬೋರ್ನ್‌ನ ಜೀವನಕ್ಕೆ ವಿಚಿತ್ರವಾಗಿ ಹೊಂದುತ್ತದೆ.

ಏಕೆಂದರೆ ಕ್ಯಾಮೆರಾವನ್ನು ಫಿರಂಗಿಗೆ ಹೋಲಿಸಿದವನು ಸ್ವತಃ ಬೋರ್ನ್. ಭಾರತಕ್ಕೆ ಬಂದ ವರ್ಷವೇ ಆತ ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ ಪತ್ರಿಕೆಗೆ ಬರೆಯತೊಡಗಿದ. ಹಿತ್ತಾಳೆಯ ಬಾಯಿಯ ಈ ಪೆಟ್ಟಿಗೆಯನ್ನು ಕಂಡು, ತಮ್ಮನ್ನು ಗೆದ್ದವರು ತೋಪುಗಳಲ್ಲದೆ ಬೇರೆ ಉಪಕರಣಗಳನ್ನೂ ಕಂಡುಹಿಡಿದಿದ್ದಾರೆಂದು ದೇಶೀಯರು ಅರಿತರು, ಇದು ಹೊಗೆಯನ್ನೂ ಸದ್ದನ್ನೂ ಕಡಿಮೆ ಮಾಡಿ ತನ್ನ ಉದ್ದೇಶವನ್ನು ಸಾಧಿಸುತ್ತದೆ ಎಂಬ ಅರ್ಥದ ಮಾತುಗಳನ್ನು ಅಲ್ಲಿ ಬರೆದ. ವಿನೋದಕ್ಕೆಂದೇ ಬರೆದದ್ದು. ವಸಾಹತುಶಾಹಿಯ ವಿಮರ್ಶಕರು ಬಹಳ ಕಷ್ಟಪಟ್ಟು ಕಟ್ಟಬೇಕಾದ ವಾದವನ್ನು ಆತ ನಗುನಗುತ್ತ ಒಪ್ಪಿಸಿಬಿಟ್ಟ.

ಹೊರೆಯಾಳುಗಳ ವಿಷಯವನ್ನೂ ಆತ ಮುಚ್ಚಿಟ್ಟವನಲ್ಲ. ಶಿಮ್ಲಾದ ಸುತ್ತಲಿನ ಬೆಟ್ಟದ ಸಂಸ್ಥಾನಗಳಲ್ಲಿ ಬೇಗಾರ್ ಪದ್ಧತಿ ಇತ್ತು. ನಮ್ಮ ಕಡೆಯ ಬಿಟ್ಟಿ ಬೇಗಾರಿಯೇ. ಸಾಹೇಬರ ಪರಿವಾರ ಬಂದರೆ ಗ್ರಾಮ ಆಳುಗಳನ್ನು ಒದಗಿಸಲೇಬೇಕು. ಕೆಲವೊಮ್ಮೆ ಕೂಲಿ ದೊರೆಯುತ್ತಿತ್ತು. ಒಲ್ಲೆನೆನ್ನುವ ಸ್ವಾತಂತ್ರ್ಯ ಮಾತ್ರ ದೊರೆಯುತ್ತಿರಲಿಲ್ಲ. ಬೋರ್ನ್ ನಡೆದ ಹಿಂದೂಸ್ಥಾನ್ ಟಿಬೆಟ್ ರಸ್ತೆಯೂ ಇಂತಹ ದುಡಿಮೆಯಿಂದಲೇ ಮೂಡಿದ್ದು. ಮೊದಲ ಯಾತ್ರೆಯಲ್ಲಿ ಕೆಲವು ಆಳುಗಳು ಹೊರೆ ಇಳಿಸಿ ಓಡಿಹೋದರು. ಬೋರ್ನ್ ದೊಣ್ಣೆ ಹಿಡಿದು ಹಳ್ಳಿಗೆ ಹೋದ, ಮನೆಗಳಲ್ಲಿ ಅವಿತಿದ್ದವರನ್ನು ಹುಡುಕಿ ಹೊರಗೆಳೆದ, ಬಾರಿಸಿದ. ಇದನ್ನು ಬರೆದು ಪತ್ರಿಕೆಗೂ ಕಳುಹಿಸಿದ, ಪತ್ರಿಕೆ ಮುದ್ರಿಸಿತು, ಓದುಗರು ಸಾಹಸಕಥೆಯೆಂದು ಓದಿದರು. ಬೇಗಾರ್ ಪದ್ಧತಿ ಆ ಬೆಟ್ಟಗಳಲ್ಲಿ ಕೊನೆಗೊಳ್ಳಲು 1921ರವರೆಗೆ ಕಾಯಬೇಕಾಯಿತು. ಕೋಟ್‌ಗಢದಲ್ಲಿ ನೆಲೆಸಿದ್ದ ಅಮೆರಿಕನ್ ಸ್ಯಾಮ್ಯುಯೆಲ್ ಸ್ಟೋಕ್ಸ್ ಮುಂದೆ ನಿಂತು ಹೋರಾಡಿದ ಮೇಲೆ ಅದು ನಿಂತಿತು. ಅದೇ ಹೆಸರಿನ ಇನ್ನೊಬ್ಬ ಸ್ಯಾಮ್ಯುಯೆಲ್.

ಆ ದೊಣ್ಣೆ, ಆ ಬೆನ್ನು, ಆ ಓಟ ಯಾವ ಚಿತ್ರದಲ್ಲಿಯೂ ಇಲ್ಲ. ಸತ್ಲಜ್ ಕಣಿವೆಯ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನೋಡಿ: ಮೌನ. ದೇವದಾರುಗಳು, ಇಳಿಜಾರು, ಹಿಮದ ಗೆರೆ. ಆಕಾಶ ಬಿಳಿಯ ಕಾಗದದಂತೆ ಖಾಲಿ. ಕೊಲೋಡಿಯನ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಮೋಡಗಳು ಮೂಡುತ್ತಿರಲಿಲ್ಲ. ಬೆಳಕು ಸಾಲದಾದಾಗ ಕ್ಷಣಗಳಲ್ಲ, ಅನೇಕ ಸೆಕೆಂಡುಗಳವರೆಗೆ ಮಸೂರ ತೆರೆದಿಡಬೇಕಾಗುತ್ತಿತ್ತು. ನಡೆದುಹೋಗುವವನು ಫಲಕದ ಮೇಲೆ ಗುರುತನ್ನೇ ಉಳಿಸದೆ ಮಾಯವಾಗುತ್ತಿದ್ದ. ಹಾಗೆಂದು ಎಲ್ಲವನ್ನೂ ರಾಸಾಯನಿಕಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೋರ್ನ್ ಮನುಷ್ಯರನ್ನು ಚಿತ್ರದಲ್ಲಿ ನಿಲ್ಲಿಸಿದ್ದುಂಟು, ಬಂಡೆಯ ಗಾತ್ರ ತಿಳಿಯಲೆಂದು. ನಿಲ್ಲಿಸಿದಾಗ ಅವರು ಸಹಜವಾಗಿ ಕೂರುವುದಿಲ್ಲ, ಮರದ ಬೊಂಬೆಗಳಂತೆ ನೆಟ್ಟಗೆ ನಿಂತುಬಿಡುತ್ತಾರೆ ಎಂದು ಆತ ಸಿಡಿಮಿಡಿಗೊಂಡ. ಬೆಳಗಿನಿಂದ ಹೊರೆ ಹೊತ್ತು ಹತ್ತಿ ಬಂದವನಿಗೆ, ಈಗ ಸಹಜವಾಗಿ ಕುಳಿತುಕೋ ಎಂದು ಗೊತ್ತಿಲ್ಲದ ಭಾಷೆಯಲ್ಲಿ ಸಾಹೇಬ ಆಜ್ಞಾಪಿಸಿದರೆ ಆತ ಇನ್ನೇನು ಮಾಡಬೇಕಿತ್ತೋ ನಾನರಿಯೆ.

ಹಿಮಾಲಯದ ಮೇಲೂ ಆತನಿಗೆ ದೂರುಗಳಿದ್ದವು. ಶಿಮ್ಲಾದ ಸುತ್ತ ಸರೋವರವಿಲ್ಲ, ಹಳ್ಳಿಗಾಡಿನ ಸೇತುವೆಯಿಲ್ಲ, ಬಳ್ಳಿ ಹಬ್ಬಿದ ಪಾಳು ಕಟ್ಟಡವಿಲ್ಲ ಎಂದು ಕೊರಗಿದ. ಜಗತ್ತಿನ ಅತ್ಯುನ್ನತ ಪರ್ವತಶ್ರೇಣಿ ವಿಂಡರ್‌ಮಿಯರ್‌ನಂತೆ ಇಲ್ಲವಲ್ಲ ಎಂಬ ಕೊರಗು! ಕಾಶ್ಮೀರ ಮಾತ್ರ ಆತನ ಶಾಸ್ತ್ರಕ್ಕೆ ಒಪ್ಪಿತು: ನೀರಿತ್ತು, ಚಿನಾರ್ ಮರಗಳಿದ್ದವು, ಪಾಪ್ಲರ್ ಮರಗಳ ಸಾಲುದಾರಿಯಿತ್ತು. ಆ ಸಾಲುದಾರಿಯ ಚಿತ್ರ ಇಂದಿಗೂ ಆತನ ಅತ್ಯುತ್ತಮ ಕೃತಿಗಳಲ್ಲೊಂದು. ಹದಿನೆಂಟು ವರ್ಷಗಳ ಹಿಂದಷ್ಟೇ, 1846ರಲ್ಲಿ, ಆ ಕಣಿವೆಯನ್ನು ಅದರ ಜನರ ಸಮೇತ ಕಂಪನಿಯು 75 ಲಕ್ಷ ರೂಪಾಯಿಗಳಿಗೆ ಗುಲಾಬ್ ಸಿಂಗನಿಗೆ ವಹಿಸಿಕೊಟ್ಟಿತ್ತು. ದಕ್ಷಿಣಕ್ಕೆ ಬಂದಾಗಲೂ, 1869ರಲ್ಲಿ, ನೀಲಗಿರಿಯ ಊಟಿಯ ಕೆರೆ ಆತನ ಕ್ಯಾಮೆರಾಕ್ಕೆ ಸಿಕ್ಕಿತು; ಅದು ಕೂಡ ಆಂಗ್ಲರೇ ಕಟ್ಟಿಸಿದ ಕೆರೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಚಿತ್ರಗಳು ಅದ್ಭುತವಾಗಿವೆ. ಮೂರನೆಯ ಯಾತ್ರೆಯಲ್ಲಿ ಸ್ಪಿತಿಯ ಅಂಚಿನ ಮನಿರಂಗ್ ಕಣಿವೆದಾರಿಯನ್ನು, 18,600 ಅಡಿ ಎತ್ತರದಲ್ಲಿ, ಆತ ಚಿತ್ರಿಸಿದ. ಉಸಿರಿಗೆ ಸಿಗುವ ಗಾಳಿ ಅಲ್ಲಿ ಸಮುದ್ರ ಮಟ್ಟದ ಅರ್ಧದಷ್ಟು. ಬೆರಳು ಮರಗಟ್ಟುವ ಚಳಿಯಲ್ಲಿ ದ್ರವವನ್ನು ಗಾಜಿನ ಮೇಲೆ ಒಂದೇ ಸಮನೆ ಹರಿಸಬೇಕು. ಅಷ್ಟು ಎತ್ತರದಲ್ಲಿ ಚಿತ್ರ ತೆಗೆದ ದಾಖಲೆ ಸುಮಾರು ಇಪ್ಪತ್ತು ವರ್ಷ ಆತನ ಹೆಸರಿನಲ್ಲಿಯೇ ಉಳಿಯಿತು. ಆತನ ಧೈರ್ಯವನ್ನಾಗಲಿ ಕೈಚಳಕವನ್ನಾಗಲಿ ನಾನು ಅಲ್ಲಗಳೆಯಲಾರೆ. ಆದರೆ ಅಷ್ಟೇ ಎತ್ತರಕ್ಕೆ, ಅದೇ ಗಾಳಿಯನ್ನುಸಿರಾಡುತ್ತ, ಗಾಜಿನ ಪೆಟ್ಟಿಗೆ ಹೊತ್ತು ಬಂದವರು ಹಲವರಿದ್ದರು. ಪ್ರತಿಯೊಂದು ಗಾಜಿನ ಫಲಕಕ್ಕೂ ಬೋರ್ನ್ ಒಂದು ಸಂಖ್ಯೆ ಕೊಟ್ಟ, ಅದರ ಮೇಲೆ ತನ್ನ ಹೆಸರು ಕೆತ್ತಿದ. ಬಂಡೆಗೆ ಸಂಖ್ಯೆಯಿದೆ, ಹಿಮನದಿಗೆ ಸಂಖ್ಯೆಯಿದೆ. ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ನಡುವೆ 1867ರಲ್ಲಿ ಊರಿಗೆ ಬಂದು ಮೇರಿ ಟಾಲಿ ಎಂಬಾಕೆಯನ್ನು ಮದುವೆಯಾಗಿ ಮತ್ತೆ ಭಾರತಕ್ಕೆ ಹೋದ ಬೋರ್ನ್, 1870ರ ದಶಕ ಆರಂಭವಾಗುತ್ತಿದ್ದಂತೆ ಶಾಶ್ವತವಾಗಿ ಹಿಂದಿರುಗಿದ. ಏಳೆಂಟು ವರ್ಷಗಳ ದುಡಿಮೆ, ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳು. ಅವೆಲ್ಲ ಸಂಸ್ಥೆಯ ಬಳಿಯೇ ಉಳಿದವು. ದಶಕಗಟ್ಟಲೆ ಅವುಗಳಿಂದ ಪ್ರತಿಗಳು ಹೊರಡುತ್ತಲೇ ಇದ್ದವು. ನಾಟಿಂಗ್‌ಹ್ಯಾಮ್‌ನಲ್ಲಿ ಆತ ಭಾವಮೈದುನನ ಜೊತೆಗೂಡಿ ಹತ್ತಿ ನೂಲು ಹುರಿಗೊಳಿಸುವ ಉದ್ಯಮ ಆರಂಭಿಸಿ ಶ್ರೀಮಂತನಾದ, ನ್ಯಾಯಪೀಠದಲ್ಲಿ ಕುಳಿತ, ಜಲವರ್ಣ ಚಿತ್ರಗಳನ್ನು ಬರೆಯುತ್ತ ಕಾಲ ಕಳೆದ. 1912ರ ಏಪ್ರಿಲ್‌ನಲ್ಲಿ ತೀರಿಕೊಂಡ. 1991ರಲ್ಲಿ ಕೋಲ್ಕತ್ತಾದ ಮಳಿಗೆಗೆ ಬೆಂಕಿ ಬಿದ್ದು ಸಂಗ್ರಹದ ಬಹುಭಾಗ ಸುಟ್ಟುಹೋಯಿತು.

ಬೋರ್ನ್‌ನ ಗ್ರಾಹಕರನ್ನೂ ನನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ. ಅವರು ಹೋದದ್ದು ಆಳಲು. ನಾನು ಬಂದದ್ದು ವೀಸಾದ ಅವಧಿ ಎಣಿಸುತ್ತ. ಆದರೂ ತಾಯಿಗೆಂದು ಚಿತ್ರ ಆರಿಸುವ ಕೈ ಏನನ್ನು ಹೊರಗಿಡುತ್ತದೆ ಎಂಬುದರಲ್ಲಿ ನಮ್ಮ ನಡುವೆ ಹೆಚ್ಚು ಅಂತರ ಕಾಣಲಿಲ್ಲ. ವಿಂಡರ್‌ಮಿಯರ್ ಚಿತ್ರ ತೆಗೆದ ವರ್ಷ ನಾನು ವಿದ್ಯಾರ್ಥಿ. ವಾರಕ್ಕೆ ಮೂರು ರಾತ್ರಿ ಸರಕಿನ ಗೋದಾಮೊಂದರಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಬೆಳಗಿನ ಜಾವ ಐದಕ್ಕೆ ಮೊದಲ ಬಸ್ಸು. ಒಮ್ಮೆ ಸೊಂಟ ಹಿಡಿದು ಎರಡು ವಾರ ಮಲಗಿದೆ. ಆ ಎರಡು ವಾರದ ಸಂಬಳ ಬರಲಿಲ್ಲ. ನಮ್ಮೊಡನೆ ರುಮೇನಿಯಾ, ಸೊಮಾಲಿಯಾ, ಪಂಜಾಬುಗಳಿಂದ ಬಂದವರಿದ್ದರು. ಅವರ ಮುಖಗಳು ನನಗಿನ್ನೂ ನೆನಪಿವೆ, ಒಂದು ಚಿತ್ರವೂ ಇಲ್ಲ. ಅಮ್ಮನಿಗೆ ಬರೆದದ್ದು ಓದು ಚೆನ್ನಾಗಿ ಸಾಗುತ್ತಿದೆ, ಹವೆ ಹಿತವಾಗಿದೆ ಎಂದು. ಜೊತೆಗೆ ಸರೋವರ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ, ಬರಬೇಡ ಎನ್ನಲು ಅಲ್ಲ; ಬರಲಿ. ಅವನು ಬಹಳ ಹೊತ್ತು ಸುಮ್ಮನಿದ್ದ. ಅಜ್ಜಿಗೆ ಗೊತ್ತೇ ಎಂದು ವಿಚಾರಿಸಿದ. ಗೊತ್ತಿಲ್ಲವೆಂದೆ.

ಕಳೆದ ಭಾನುವಾರ ಮನೆಯ ಹತ್ತಿರದ ಅರ್ಬೊರೀಟಮ್ ಉದ್ಯಾನಕ್ಕೆ ಹೋಗಿದ್ದೆ. 1852ರಲ್ಲಿ ತೆರೆದ ಉದ್ಯಾನ ಅದು. ಬೋರ್ನ್‌ನ ಯೌವನದ ಕಾಲದ್ದು. ಅಲ್ಲೊಂದು ದಿಬ್ಬದ ಮೇಲೆ ಚೀನೀ ಶೈಲಿಯ ಪುಟ್ಟ ಗೋಪುರವಿದೆ. ಈ ಜಿಲ್ಲೆಯ ಸೈನಿಕ ತುಕಡಿ ಕ್ಯಾಂಟನ್ನಿನ ದೇವಾಲಯದಿಂದ ಕೊಳ್ಳೆಹೊಡೆದು ತಂದ ಗಂಟೆಯನ್ನು ತೂಗುಹಾಕಲು 1860ರ ದಶಕದ ಆರಂಭದಲ್ಲಿ ಕಟ್ಟಿದ್ದು. ಗಂಟೆ ಈಗಿಲ್ಲ. ಸುತ್ತಲೂ ಫಿರಂಗಿಗಳಿವೆ, ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲಿನಿಂದ ತಂದವು ಎರಡು, ಅವುಗಳ ಅಚ್ಚು ಎರಡು. ಎಲೆಗಳು ಉದುರಿ ಹಳದಿ ಕಂಬಳಿ ಹಾಸಿದಂತಿತ್ತು. ಮೊಬೈಲ್ ಎತ್ತಿ ಹಿಡಿದೆ. ಆಗ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ನಗರಪಾಲಿಕೆಯ ನೌಕರನೊಬ್ಬ ಎಲೆ ಗುಡಿಸುತ್ತ ಚೌಕಟ್ಟಿನೊಳಕ್ಕೆ ಬಂದ. ಹಳೆಯ ಅಭ್ಯಾಸ, ಆತ ಸರಿಯಲಿ ಎಂದು ಕೈ ತಾನಾಗಿಯೇ ತಡೆಯಿತು. ಆಮೇಲೆ ಹತ್ತಿರ ಹೋಗಿ ಅನುಮತಿ ಕೇಳಿದೆ. ಆತ ಪೊರಕೆ ನೆಟ್ಟಗೆ ಹಿಡಿದು, ಗಲ್ಲ ಮೇಲೆತ್ತಿ, ಬೊಂಬೆಯಂತೆ ನಿಂತ. ಹಾಗೆಯೇ ತೆಗೆದು ದಾವಣಗೆರೆಗೆ ಕಳುಹಿಸಿದೆ.

ಅರ್ಧ ಗಂಟೆಯೊಳಗೆ ಎರಡು ಪ್ರಶ್ನೆಗಳು ಬಂದವು. ಗಂಟೆಗೆ ಇವರಿಗೆ ಎಷ್ಟು ಕೂಲಿ, ಇವರೂ ಬೇರೆ ದೇಶದಿಂದ ಬಂದವರೇ. ಮೊದಲನೆಯದಕ್ಕೆ ಅಂದಾಜಿನ ಉತ್ತರ ಬರೆದೆ. ಎರಡನೆಯದನ್ನು ಕೇಳಿ ತಿಳಿಯಲು ಮರುದಿನ ಬೆಳಿಗ್ಗೆ ಮತ್ತೆ ಉದ್ಯಾನಕ್ಕೆ ಹೋದೆ. ಅಂದು ಆತನ ರಜೆ.